ತಪ್ಪು ಬಳೆಯದಲ್ಲ

ನನ್ನ ಕೋಣೆಗೆ ಬಂದು ಹಾಡಿದವರನ್ನು ಯಾರಾದರೂ ಹಗುರವಾಗಿ ಆಡಿಕೊಂಡರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಅದರಲ್ಲೂ ಹಾಡಿನ ಒಂದು ಸಾಲೂ ಕೇಳದೆ, ಫೋನಿನ ಆ ಕಡೆ ಕೂತು ತೀರ್ಪು ಕೊಟ್ಟರೆ ಮೈಯೆಲ್ಲ ಉರಿದುಹೋಗುತ್ತದೆ. ಇದು ಕಂಪ್ಯೂಟರಿನಲ್ಲಿ ಬಂದ ಒಂದು ಟಿಕ್ ಸದ್ದಿನ ಕಥೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ಇದರಲ್ಲಿ ಸಮಾಧಾನದ ಮಾತು ಸ್ವಲ್ಪ ಕಡಿಮೆಯೇ ಇರುತ್ತದೆ.

ತಮಿಳುನಾಡಿನ ಪೆನ್ನಾಗರಂನಲ್ಲಿ ಹೊಗೆನಕಲ್‌ಗೆ ಹೋಗುವ ರಸ್ತೆಯ ಮೇಲೆ, ಗೊಬ್ಬರದಂಗಡಿಯ ಮಹಡಿಯಲ್ಲಿ ನನ್ನ ರೆಕಾರ್ಡಿಂಗ್ ಕೋಣೆ ಇದೆ. ಆಟೋದಲ್ಲಿ ಕೂಗಿಸುವ ಪ್ರಚಾರ, ಶಾಲೆಯ ನಾಟಕಕ್ಕೆ ಹಾಡು, ದೇವಸ್ಥಾನದವರ ಭಜನೆ, ಇವೇ ನನ್ನ ಕೆಲಸ. ಬರುವವರಲ್ಲಿ ಮುಕ್ಕಾಲು ಜನ ಮನೆಯಲ್ಲಿ ಕನ್ನಡ ಆಡುವವರೇ, ಆದರೆ ಮೈಕಿನ ಮುಂದೆ ನಿಂತ ತಕ್ಷಣ ತಮಿಳಿಗೆ ಹೋಗಿಬಿಡುತ್ತಾರೆ. ಕನ್ನಡದಲ್ಲಿ ಹಾಡುತ್ತೇನೆಂದು ಮೆಟ್ಟಿಲು ಹತ್ತಿ ಬಂದವರು ಬಹಳ ಕಡಿಮೆ. ಅವರಲ್ಲೊಬ್ಬರು ದೊಡ್ಡವ್ವ.

ದೊಡ್ಡವ್ವ ನನಗೆ ಸಂಬಂಧಿಯಲ್ಲ, ಸುತ್ತಲ ಹಳ್ಳಿಗೆಲ್ಲ ಆಕೆ ದೊಡ್ಡವ್ವ. ನಮ್ಮ ಕಡೆ ಮದುವೆಗೆ ಸೋಬಾನೆ ಹಾಡಬೇಕಾದರೆ ಮೊದಲು ಆಕೆಯ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುತ್ತಾರೆ. ಆಕೆಯ ಕತ್ತಿನಲ್ಲಿ ಒಂದು ಗಂಟು ಎದ್ದಿತ್ತು. ಸೇಲಂ ಆಸ್ಪತ್ರೆಯಲ್ಲಿ ತೆಗೆಯಬೇಕೆಂದರು. ದನಿಯ ನರ ಗಂಟಿನ ಪಕ್ಕದಲ್ಲೇ ಹಾದುಹೋಗಿದೆ, ಆಪರೇಷನ್ ಆದ ಮೇಲೆ ದನಿ ಮೊದಲಿನಂತೆ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದು ಆದ ಮುಂದಿನ ತಿಂಗಳೇ ಮೊಮ್ಮಗಳ ಮದುವೆ. ಊರಿನವರ ಮದುವೆಗೆಲ್ಲ ಹಾಡಿದ ಹೆಂಗಸು ತನ್ನ ಮೊಮ್ಮಗಳ ಹಸೆಮಣೆಯ ಮುಂದೆ ಬಾಯಿ ಮುಚ್ಚಿ ಕೂರಬೇಕೇ?

"ನನ್ ಗಂಟ್ಲು ಓದ್ರೆ ಓಗ್ಲಿ ಅಮ್ಮಿ," ಅಂದರು ಮೊದಲ ದಿನ, ಕುರ್ಚಿಯಲ್ಲಿ ಕೂತು ಉಸಿರು ತಿರುಗಿಸಿಕೊಳ್ಳುತ್ತ. "ಅದಕ್ಕೆ ಮುಂಚೆ ಇದ್ರಾಗೆ ತುಂಬ್ಕೊ. ಮಗೀನ ಮದ್ವೆಗೆ ನಾನೇ ಆಡ್ಬೇಕು. ಸ್ಪೀಕರ್ನಾಗಾದ್ರೂ ಸರಿ."

ಜೊತೆಗೆ ಹಾಡಲು ಆಕೆಯ ತಂಗಿ ನಂಗವಳ್ಳಿಯಿಂದ ಬಂದಿದ್ದರು, ಮೆಟ್ಟೂರಿನಲ್ಲಿ ಬಸ್ ಬದಲಿಸಿ. ದೊಡ್ಡವ್ವನ ಗಂಡ ಮೊಪೆಡ್‌ನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬಂದು, ಕೆಳಗೆ ಟೀ ಅಂಗಡಿಯಲ್ಲಿ ಕೂತಿದ್ದರು. ಮೇಲೆ ಬರುವ ಮೊದಲು ಮೂವರೂ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಬಳೆ ಅಂಗಡಿಗೆ ಹೋಗಿ ಬಂದಿದ್ದರು. ಬರಿಗೈಯಲ್ಲಿ ಸೋಬಾನೆ ಹಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾಡುವ ಮುತ್ತೈದೆಗೆ ಕೈತುಂಬ ಗಾಜಿನ ಬಳೆ ಇರಬೇಕು. ರೆಕಾರ್ಡಿಂಗ್ ಆದರೇನು, ಹಾಡು ಅದೇ ತಾನೇ? ದೊಡ್ಡವ್ವನ ಎರಡೂ ಕೈಯಲ್ಲಿ ಹೊಸ ಹಸಿರು ಬಳೆ ಹೊಳೆಯುತ್ತಿದ್ದವು.

ಈ ಹಾಡು ಹಾಡುವ ರೀತಿಯನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಪಾಡು ಅರ್ಥವಾಗುವುದಿಲ್ಲ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಸಾಲು ಎತ್ತುತ್ತಾರೆ, ಕೊನೆಯ ಸ್ವರವನ್ನು ಎಳೆದು ಬಿಡದೆ ಇರುತ್ತಾರೆ. ಅದು ಮುಗಿಯುವ ಮೊದಲೇ ಎದುರಿನವರು ಅದೇ ಸ್ವರವನ್ನು ಹಿಡಿದು ಮುಂದಿನ ಸಾಲಿಗೆ ಹೊರಡುತ್ತಾರೆ. ಹಿಡಿದದ್ದು ಕಿವಿಗೆ ಬಿದ್ದ ಮೇಲೆಯೇ ಮೊದಲಿನವರು ಬಿಡುವುದು. ಹಾಡು ಮುಗಿಯುವವರೆಗೆ ದನಿ ಎಲ್ಲೂ ಕಡಿಯಬಾರದು. ಮದುವೆ ಹಾಡಿನಲ್ಲಿ ದನಿ ಕಡಿದರೆ ಒಳ್ಳೆಯದಲ್ಲ ಎಂದು ಹಳಬರು ಈಗಲೂ ಮುಖ ಸಿಂಡರಿಸುತ್ತಾರೆ.

ಗಂಟಿನಿಂದಾಗಿ ದೊಡ್ಡವ್ವನ ದನಿ ತಗ್ಗಿಹೋಗಿತ್ತು. ತಂಗಿಯದು ಗದ್ದೆಯ ಆ ತುದಿಗೆ ಕೇಳುವ ದನಿ. ಒಂದೇ ಮೈಕ್ ಇಟ್ಟರೆ ಅಕ್ಕ ಮುಳುಗಿಹೋಗುತ್ತಾರೆಂದು ಇಬ್ಬರಿಗೂ ಒಂದೊಂದು ಮೈಕ್ ಇಡಲು ನಿರ್ಧರಿಸಿದೆ. ಆದರೆ ಮೈಕನ್ನು ಕಂಪ್ಯೂಟರಿಗೆ ಸೇರಿಸುವ ನನ್ನ ಸೌಂಡ್ ಕಾರ್ಡಿಗೆ ಒಂದೇ ಮೈಕ್ ಹಾಕಬಹುದು. ಹಳೆಯದೊಂದು ಕಾರ್ಡು ಬೀರುವಿನಲ್ಲಿತ್ತು. ನನಗೆ ಕಂಪ್ಯೂಟರ್ ಜೋಡಿಸಿಕೊಟ್ಟ ಸೇಲಂನ ಟೆಕ್ನಿಷಿಯನ್‌ಗೆ ಫೋನ್ ಮಾಡಿ ಕೇಳಿದೆ. ಎರಡು ಕಾರ್ಡನ್ನೂ ಒಂದೇ ಕಾರ್ಡು ಎಂಬಂತೆ ತೋರಿಸುವ ಉಚಿತ ಸಾಫ್ಟ್‌ವೇರ್, ಡ್ರೈವರ್ ಅನ್ನುವುದು, ಒಂದಿದೆ, ಹಾಕಿಕೊಳ್ಳಿ, ಏನೂ ತೊಂದರೆಯಿಲ್ಲ ಎಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಹಾಕಿದೆ. ಎರಡು ಟ್ರ್ಯಾಕ್ ಕಾಣಿಸಿತು, ಎರಡರಲ್ಲೂ ದನಿ ಬಂತು. ಅಕ್ಕತಂಗಿಯರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಹಾಡಿದರು. ಎಷ್ಟು ಚೆನ್ನಾಗಿ ಹಾಡಿದರೆಂದರೆ ನಾನು ಮಾನಿಟರ್ ನೋಡುವುದನ್ನೇ ಬಿಟ್ಟು ಅವರ ಮುಖ ನೋಡುತ್ತ ಕೂತಿದ್ದೆ. ಹಾಡು ಮುಗಿದ ಮೇಲೆ ಹಚ್ಚಿ ಕೇಳಿದರೆ, ದೊಡ್ಡವ್ವನ ಟ್ರ್ಯಾಕಿನಲ್ಲಿ ಟಿಕ್. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಟಿಕ್. ಆಕೆ ಎಳೆದು ಹಿಡಿದ ಸ್ವರದ ಮಧ್ಯದಲ್ಲಿ ಯಾರೋ ಕತ್ತರಿಯಿಂದ ಒಂದು ಎಳೆ ಕಡಿದ ಹಾಗೆ. ತಂಗಿಯ ಟ್ರ್ಯಾಕ್ ಮಾತ್ರ ಸ್ವಚ್ಛವಾಗಿತ್ತು.

ದೊಡ್ಡವ್ವ ಎಂಥ ಕಿವಿಯವರು! ನಾನು ಹೇಳುವ ಮೊದಲೇ, "ನನ್ ದನಿ ಕಡೀತೈತಲ್ಲ?" ಅಂದರು. ಇಲ್ಲ ದೊಡ್ಡವ್ವ, ಇದು ಕಂಪ್ಯೂಟರಿನ ಕೆಲಸ, ಸರಿಮಾಡುತ್ತೇನೆ ಅಂದೆ.

ಅಲ್ಲಿಂದ ಶುರುವಾಯಿತು. ಮೊದಲು ಬಫರ್ ಹೆಚ್ಚಿಸಿದೆ. ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ದನಿಯನ್ನು ಕೂಡಿಟ್ಟುಕೊಂಡು ಬರೆಯಬೇಕು ಎನ್ನುವ ಲೆಕ್ಕ ಅದು. ಕಡಿಮೆಯಿದ್ದರೆ ಕಂಪ್ಯೂಟರಿಗೆ ಏದುಸಿರು ಹತ್ತಿದಂತಾಗಿ ದನಿ ಮುರಿಯುತ್ತದೆ, ಸಾಮಾನ್ಯವಾಗಿ ಇಂಥ ಸದ್ದಿಗೆ ಅದೇ ಕಾರಣ. ಹೆಚ್ಚಿಸಿದ ಮೇಲೆ ಟಿಕ್‌ಗಳು ದೂರದೂರವಾದವು, ಆದರೆ ಹೋಗಲಿಲ್ಲ. ವೈಫೈ ಆರಿಸಿದೆ. ಆ್ಯಂಟಿವೈರಸ್ ನಿಲ್ಲಿಸಿದೆ. ಕರೆಂಟು ಉಳಿಸಲೆಂದು ಯುಎಸ್‌ಬಿಯನ್ನು ತಾನಾಗಿ ಮಲಗಿಸುವ ಸೆಟ್ಟಿಂಗ್ ತೆಗೆದುಹಾಕಿದೆ. ವೈರು ಬದಲಿಸಿದೆ, ಹಿಂದಿನ ಪೋರ್ಟಿನಿಂದ ಮುಂದಿನ ಪೋರ್ಟಿಗೆ ಹಾಕಿದೆ. ಸೆಕೆಂಡಿಗೆ ದನಿಯನ್ನು ಎಷ್ಟು ಚೂರಾಗಿ ಬರೆಯಬೇಕೆನ್ನುವ ಸ್ಯಾಂಪಲ್ ರೇಟು ಎರಡು ಕಾರ್ಡಿಗೂ ಒಂದೇ ಇದೆಯೇ ಎಂದು ನೋಡಿದೆ, ಒಂದೇ ಇತ್ತು. ಇನ್ವರ್ಟರಿನ ಮೇಲೆ ಅನುಮಾನ ಬಂದು ಅದನ್ನೂ ಕಳಚಿದೆ. ಪ್ರತಿ ಸಲವೂ ಆ ಇಬ್ಬರು ಹೆಂಗಸರು ಒಂದಿಷ್ಟೂ ಬೇಸರಿಸದೆ ಮತ್ತೆ ಹಾಡಿದರು. ಪ್ರತಿ ಸಲವೂ ದೊಡ್ಡವ್ವನ ಕಡೆಯಲ್ಲೇ ಟಿಕ್. ನನಗೆ ತಲೆ ಕೆಟ್ಟುಹೋಯಿತು. ನಾಳೆ ಬನ್ನಿ ಎಂದು ಕಳಿಸಿದೆ.

ಮರುದಿನ ಬೆಳಿಗ್ಗೆ ಅವರು ಬರುವ ಮೊದಲು ಟಿಕ್ ತೆಗೆಯುವ ಸಾಫ್ಟ್‌ವೇರ್ ಒಂದನ್ನು ಹಾಕಿ ನೋಡಿದೆ. ಈಗ ಎಲ್ಲದಕ್ಕೂ ಎ.ಐ. ಇದೆಯಲ್ಲ. ಟಿಕ್ ಹೋಯಿತು, ಜೊತೆಗೆ ಹಾಡಿನೊಳಗಿನ ಟಕಾರ, ಚಕಾರಗಳ ಮೊನೆಯೂ ಹೋಯಿತು. ದೊಡ್ಡವ್ವ ನೆಗಡಿ ಬಂದು ಕಂಬಳಿಯೊಳಗೆ ಮುಸುಕು ಹಾಕಿಕೊಂಡು ಹಾಡಿದ ಹಾಗೆ ಕೇಳಿಸಿತು. ಅದನ್ನು ಮೊಮ್ಮಗಳ ಮದುವೆಗೆ ಕೊಡುವುದಕ್ಕಿಂತ ಕೊಡದಿರುವುದೇ ಮರ್ಯಾದೆ ಎಂದು ಅಳಿಸಿಹಾಕಿದೆ.

ಟೆಕ್ನಿಷಿಯನ್‌ಗೆ ಮತ್ತೆ ಫೋನ್ ಮಾಡಿದೆ. ಇಬ್ಬರನ್ನೂ ಒಟ್ಟಿಗೆ ಯಾಕೆ ಹಾಡಿಸುತ್ತೀರಿ, ಒಬ್ಬೊಬ್ಬರನ್ನೇ ಒಂದು ಕಾರ್ಡಿನಲ್ಲಿ ಹಾಡಿಸಿ ಆಮೇಲೆ ಜೋಡಿಸಿ, ಸಿನಿಮಾದವರೆಲ್ಲ ಹಾಗೇ ಮಾಡುವುದು ಎಂದ. ಮಾತು ಸರಿಯೆನಿಸಿತು. ದೊಡ್ಡವ್ವನನ್ನು ಒಬ್ಬರೇ ಕೂರಿಸಿದೆ. ತಂಗಿಯನ್ನು ಹೊರಗೆ ಮೆಟ್ಟಿಲ ಹತ್ತಿರ ಕೂರಿಸಿದೆ.

ದೊಡ್ಡವ್ವ ಮೊದಲ ಸಾಲು ಎತ್ತಿದರು. ಕೊನೆಯ ಸ್ವರಕ್ಕೆ ಬಂದರು. ಎಳೆದರು. ಎಳೆಯುತ್ತಲೇ ಹೋದರು. ಎದುರಿನ ಖಾಲಿ ಚಾಪೆಯನ್ನು ನೋಡುತ್ತ, ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಕೊನೆಗೆ ಕೆಮ್ಮು ಬಂದು ನಿಂತಿತು. ನಾನು ನೀರು ಕೊಟ್ಟು, ಸಾಲು ಮುಗಿದ ಕೂಡಲೇ ನಿಲ್ಲಿಸಿಬಿಡಿ ದೊಡ್ಡವ್ವ, ತಂಗಿಯದ್ದನ್ನು ಆಮೇಲೆ ಸೇರಿಸುತ್ತೇನೆ ಅಂದೆ. ತಲೆಯಾಡಿಸಿದರು. ಮತ್ತೆ ಹಾಡಿದರು, ಮತ್ತೆ ಹಾಗೇ ಆಯಿತು.

"ಯಾರೂ ಇಡೀನಿಲ್ವಲ್ಲ ಅಮ್ಮಿ," ಅಂದರು, ಎದೆ ಒತ್ತಿಕೊಂಡು. "ಇಡೀದೆ ನಾ ಎಂಗ್ ಬುಡಾದು?"

ಹಿಡಿಯುವವರಿಲ್ಲದೆ ಬಿಡುವುದು ಆಕೆಗೆ ಬಾರದು. ಹುಡುಗಿಯಾಗಿದ್ದಾಗಿನಿಂದ ಮೈಗೆ ಹತ್ತಿದ ಅಭ್ಯಾಸ, ನನ್ನ ಸಾಫ್ಟ್‌ವೇರಿಗಾಗಿ ಒಂದು ಬೆಳಿಗ್ಗೆಯಲ್ಲಿ ಬಿಡಿಸಲು ಆಗುತ್ತದೆಯೇ? ತಂಗಿಗೆ ಹೆಡ್‌ಫೋನ್ ಹಾಕಿ, ಅಕ್ಕ ಹಾಡಿದ್ದನ್ನು ಕೇಳಿಸಿ ಸ್ವರ ಹಿಡಿಸಿ ನೋಡಿದೆ. ಕಿವಿಯಲ್ಲಿ ಅಕ್ಕ ಕೆಮ್ಮುವುದು ಕೇಳಿ ಅವರು ಹೆಡ್‌ಫೋನ್ ಕಿತ್ತಿಟ್ಟು ಒಳಗೆ ಓಡಿದರು. ಆ ದಾರಿ ಅಲ್ಲಿಗೆ ಮುಚ್ಚಿತು.

ಮತ್ತೆ ಎರಡು ಕಾರ್ಡು ಹಾಕಿ, ಇಬ್ಬರನ್ನೂ ಕೂರಿಸಿ ಹಾಡಿಸಿದೆ, ಮತ್ತೆ ಟಿಕ್. ಮೂರನೇ ಸಲ ಅವನಿಗೆ ಫೋನ್ ಮಾಡಿದೆ. ಕೈಯಲ್ಲಿ ವೈರು ಹಿಡಿದಿದ್ದರಿಂದ ಸ್ಪೀಕರಿಗೆ ಹಾಕಿದ್ದೆ. ಸದ್ದು ಒಬ್ಬರ ಟ್ರ್ಯಾಕಿನಲ್ಲಿ ಮಾತ್ರ ಬರುತ್ತಿದೆ ಎಂದೆ. ಹಾಡುವವರು ಯಾರು ಎಂದು ಕೇಳಿದ. ವಯಸ್ಸಾದವರು, ಮದುವೆ ಹಾಡು ಎಂದೆ. ರೆಕಾರ್ಡಿಂಗ್ ಕಳಿಸುತ್ತೇನೆ, ಒಂದು ಸಲ ಕೇಳಿ ಎಂದೆ. ಕೇಳುವುದೇನೂ ಬೇಡವೆಂದು ನಕ್ಕ.

"ವಳೆಯಲ್ ಸತ್ತಂ ಮೇಡಂ. ಕಳಟ್ಟ ಸೊಲ್ಲುಂಗ."

ಬಳೆಯ ಸದ್ದು, ತೆಗೆದಿಡಲು ಹೇಳಿ ಎಂದು. ಅಷ್ಟೇ. ಸೇಲಂನಲ್ಲಿ ಕೂತು, ಒಂದು ಸೆಕೆಂಡೂ ಕೇಳದೆ. ಹಳ್ಳಿ ಹೆಂಗಸು, ವಯಸ್ಸಾಗಿದೆ, ಹಾಡುತ್ತಾಳೆ ಅಂದಮೇಲೆ ತಪ್ಪು ಅವಳದ್ದೇ ಇರಬೇಕು. ಅವನು ಹೇಳಿದ ಡ್ರೈವರಿನ ತಪ್ಪಲ್ಲ, ಅವನು ಜೋಡಿಸಿದ ಕಂಪ್ಯೂಟರಿನ ತಪ್ಪಲ್ಲ. ನಾನು ಫೋನ್ ಕತ್ತರಿಸುವಷ್ಟರಲ್ಲಿ ಮಾತು ಕೋಣೆಯೊಳಗೆಲ್ಲ ಕೇಳಿಯಾಗಿತ್ತು. ನಮ್ಮಲ್ಲಿ ತಮಿಳು ತಿಳಿಯದವರು ಯಾರು?

ದೊಡ್ಡವ್ವ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ದನಿ ಎತ್ತಲಿಲ್ಲ.

"ನನ್ ಗಂಡ ಕೆಳಗೆ ಟೀ ಕುಡೀತಾ ಕುಂತವ್ನೆ. ಅವ್ನು ಉಸ್ರಾಡ್ತಿರೋವಾಗ್ಲೇ ನನ್ ಬಳೆ ತಗಿ ಅನ್ನಕ್ಕೆ ಇವ್ನ್ಯಾರು?"

ಗಂಡ ಸತ್ತ ದಿನ ಕೈಯಿಂದ ಬಳೆ ಇಳಿಯುವುದನ್ನು ಆಕೆ ಎಷ್ಟು ಮನೆಗಳಲ್ಲಿ ಕಂಡಿದ್ದಾರೋ. ಮೊಮ್ಮಗಳ ಮದುವೆ ಹಾಡಿಗೆ ಹಾಕಿಕೊಂಡ ಹೊಸ ಬಳೆ. ಕೆಲವೇ ದಿನಗಳಲ್ಲಿ ಆಪರೇಷನ್ ಟೇಬಲ್ ಮೇಲೆ ಮಲಗಬೇಕಾದ ಹೆಂಗಸು. ಅಂಥವರಿಗೆ ಇಂಥ ಮಾತು ಕೇಳಿಸಬೇಕಾಗಿತ್ತೇ? ತಂಗಿ ಒಂದು ಸಲ ನನ್ನ ಮುಖ ನೋಡಿ, ಅಕ್ಕನ ಹಿಂದೆ ಇಳಿದುಹೋದರು. ಮೊಪೆಡ್ ಶುರುವಾದದ್ದು ಕೇಳಿಸಿತು.

ಆಮೇಲೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯಬೇಕೆಂದು ನಂಬರು ತೆಗೆದೆ. ತೆಗೆದು, ಇಟ್ಟುಬಿಟ್ಟೆ. ಬೈದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ, ದೊಡ್ಡವ್ವನ ಹಾಡು ಎಲ್ಲಿಂದ ಬರುತ್ತದೆ? ಬಳೆಯದ್ದು ತಪ್ಪಲ್ಲ ಎಂದು ತೋರಿಸಬೇಕು. ಅವನಿಗಲ್ಲ, ಆಕೆಗೆ.

ಬಾಗಿಲು ಹಾಕಿಕೊಂಡು ಕೂತೆ. ಕೆಟ್ಟುಹೋಯಿತೆಂದು ಬದಿಗಿಟ್ಟಿದ್ದ ಒಬ್ಬರೇ ಹಾಡಿದ ರೆಕಾರ್ಡಿಂಗನ್ನು ಹಚ್ಚಿದೆ. ಸಾಲು, ಎಳೆತ, ಎಳೆತ, ಕೆಮ್ಮು. ಮತ್ತೆ ಸಾಲು. ನಡುವೆ ಆಕೆ ಕೈ ಎತ್ತಿ ಇಳಿಸಿದಾಗ ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎಂದದ್ದೂ ಕೇಳಿಸಿತು, ಮುದ್ದಾಗಿ. ಟಿಕ್ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲೂ ಇರಲಿಲ್ಲ. ಅದೇ ಹೆಂಗಸು, ಅದೇ ಬಳೆ, ಅದೇ ಮೈಕ್, ಅದೇ ಕಾರ್ಡು. ಆಗ ಇದ್ದದ್ದು ಒಂದೇ ಕಾರ್ಡು, ವ್ಯತ್ಯಾಸ ಅಷ್ಟೇ. ಇದನ್ನು ನಾನು ಬೆಳಿಗ್ಗೆಯೇ ಗಮನಿಸಬೇಕಿತ್ತು, ಆದರೆ ಕೆಮ್ಮಿನ ಗಾಬರಿಯಲ್ಲಿ ಕಿವಿ ಆ ಕಡೆ ಹೋಗಿರಲಿಲ್ಲ.

ಈಗ ಹಾಡುವವರೇ ಇಲ್ಲದೆ ಪರೀಕ್ಷೆ ಮಾಡಿದೆ. ಎರಡು ಕಾರ್ಡು, ಎರಡು ಮೈಕ್, ನಡುವೆ ಶ್ರುತಿ ನುಡಿಸುವ ಆ್ಯಪ್ ಹಚ್ಚಿದ ನನ್ನ ಫೋನ್. ರೆಕಾರ್ಡ್ ಒತ್ತಿ ಹೊರಗೆ ಹೋಗಿ ನಿಂತೆ. ಬಂದು ನೋಡಿದರೆ ಕೋಣೆಯಲ್ಲಿ ನರಪಿಳ್ಳೆಯಿಲ್ಲ, ಬಳೆಯೂ ಇಲ್ಲ, ದೊಡ್ಡವ್ವನ ಕಾರ್ಡಿನ ಟ್ರ್ಯಾಕಿನಲ್ಲಿ ಟಿಕ್ ಇದೆ. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವಿನ ಅಂತರ ಎಲ್ಲ ಕಡೆ ಒಂದೇ, ಅಳೆದು ಇಟ್ಟ ಹಾಗೆ. ಹಾಡುವ ಯಾವ ಹೆಂಗಸಿನ ಕೈ ಇಷ್ಟು ಲೆಕ್ಕವಾಗಿ ಅಲ್ಲಾಡುತ್ತದೆ?

ಡ್ರೈವರಿನಲ್ಲಿ ಕಾರ್ಡುಗಳ ಸ್ಥಾನ ಬದಲಿಸಿದೆ, ಎರಡನೆಯದಾಗಿದ್ದ ದೊಡ್ಡವ್ವನ ಕಾರ್ಡನ್ನು ಮೊದಲನೆಯದು ಮಾಡಿದೆ. ಟಿಕ್ ತಂಗಿಯ ಕಾರ್ಡಿಗೆ ಹೋಯಿತು. ಹಳೆಯದನ್ನು ಕಳಚಿ ಹೊಸದೊಂದನ್ನೇ ಇಟ್ಟೆ, ಸ್ವಚ್ಛ. ಹೊಸದನ್ನು ಕಳಚಿ ಹಳೆಯದೊಂದನ್ನೇ ಇಟ್ಟೆ, ಅದೂ ಸ್ವಚ್ಛ. ಅಂದರೆ ಎರಡರಲ್ಲಿ ಯಾವುದೂ ಕೆಟ್ಟಿರಲಿಲ್ಲ, ಎರಡನ್ನೂ ಒಟ್ಟಿಗೆ ಕೂರಿಸಿದ್ದೇ ತಪ್ಪು. ಪ್ರತಿ ಕಾರ್ಡಿನೊಳಗೂ ಒಂದು ಗಡಿಯಾರವಿದೆ, ದನಿಯನ್ನು ಅದರ ಬಡಿತಕ್ಕೆ ತಕ್ಕಂತೆ ತುಂಡುಮಾಡಿ ಬರೆಯುತ್ತದೆ. ಮನೆಯಲ್ಲಿ ಎರಡು ಗೋಡೆ ಗಡಿಯಾರಕ್ಕೆ ಒಂದೇ ಸಮಯ ಇಟ್ಟರೂ ಮುಂದಿನ ಹಬ್ಬದ ಹೊತ್ತಿಗೆ ಒಂದು ಮುಂದೆ ಒಂದು ಹಿಂದೆ ಆಗಿರುತ್ತದಲ್ಲ, ಇದೂ ಹಾಗೇ. ಕಾರ್ಡುಗಳ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟು. ಅದು ಕೂಡಿ ಕೂಡಿ ಬಫರ್ ತುಂಬಿದಾಗಲೆಲ್ಲ ಡ್ರೈವರ್ ಎರಡನೇ ಕಾರ್ಡಿನಿಂದ ಒಂದು ಚೂರು ದನಿಯನ್ನು ಎಸೆದು ಸರಿಮಾಡಿಕೊಳ್ಳುತ್ತಿತ್ತು. ಬಫರ್ ಹೆಚ್ಚಿಸಿದಾಗ ಟಿಕ್ ದೂರವಾದದ್ದು ಅದಕ್ಕೇ. ಆ ಎಸೆದ ಚೂರೇ ದೊಡ್ಡವ್ವನ ದನಿಯಲ್ಲಿ ಕಡಿದ ಎಳೆ.

ಅರ್ಥವಾಯಿತು, ಆದರೆ ಸಮಾಧಾನ ಆಗಲಿಲ್ಲ. ಎರಡು ಮೈಕ್ ಹಾಕುವ ಕಾರ್ಡು ಧರ್ಮಪುರಿಯ ಒಬ್ಬ ಸ್ಟುಡಿಯೋದವರ ಹತ್ತಿರ ಇತ್ತು. ಕೇಳಿದೆ. ಹೊರಗೆ ಕೊಡುವುದಿಲ್ಲ, ಅವರನ್ನೇ ಇಲ್ಲಿಗೆ ಕರೆತನ್ನಿ, ಆದರೆ ಈ ವಾರ ಬಿಡುವಿಲ್ಲ ಎಂದರು. ಕನ್ನಡದ ಹಾಡನ್ನು ಮದುವೆಯಲ್ಲಿ ಈಗ ಯಾರು ಕೇಳುತ್ತಾರೆ ಎಂದೂ ಸೇರಿಸಿದರು. ಕೇಳುವವರು ಯಾರೂ ಇಲ್ಲದಿದ್ದರೂ ಹಾಡುವವರು ಇದ್ದಾರೆ ಎಂದು ಹೇಳಿ ಫೋನ್ ಇಟ್ಟೆ. ದೊಡ್ಡವ್ವ ಆಸ್ಪತ್ರೆಗೆ ಸೇರಲು ನಡುವೆ ಒಂದೇ ದಿನ ಉಳಿದಿತ್ತು.

ಒಂದೇ ಕಾರ್ಡು, ಒಂದೇ ಮೈಕ್ ಎಂದು ತೀರ್ಮಾನಿಸಿದೆ. ಯಾವ ಭಯದಿಂದ ಎರಡು ಮೈಕ್ ಇಟ್ಟಿದ್ದೆನೋ ಆ ಭಯವನ್ನು ಎದುರಿಸಿಯೇ ನೋಡುವುದು. ಆಕೆ ನನ್ನ ಮೆಟ್ಟಿಲು ಮತ್ತೆ ಹತ್ತುವುದಿಲ್ಲವೆಂದು ಗೊತ್ತಿತ್ತು. ಮರುದಿನ ಬೆಳಿಗ್ಗೆ ಆ ರೆಕಾರ್ಡಿಂಗುಗಳನ್ನು ಮನೆಯಲ್ಲಿದ್ದ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದು, ಕಾರ್ಡು, ಮೈಕ್, ಸ್ಟ್ಯಾಂಡು ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಬಸ್ ಹತ್ತಿ ಅವರ ಹಳ್ಳಿಗೇ ಹೋದೆ.

ದೊಡ್ಡವ್ವ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನನ್ನನ್ನು ಒಮ್ಮೆ ನೋಡಿ, ಮತ್ತೆ ಮೊರ ಆಡಿಸತೊಡಗಿದರು. ನಾನು ಕೆಳಗೆ ಕೂತು ಲ್ಯಾಪ್‌ಟಾಪ್ ತೆರೆದು, ಖಾಲಿ ಕೋಣೆಯ ರೆಕಾರ್ಡಿಂಗ್ ಹಚ್ಚಿದೆ. ಶ್ರುತಿ, ಟಿಕ್, ಶ್ರುತಿ, ಟಿಕ್. ಈಗ ಕೋಣೆಯಲ್ಲಿ ಯಾರೂ ಇಲ್ಲ ದೊಡ್ಡವ್ವ, ಆದರೂ ಸದ್ದು ಐತೆ ಅಂದೆ. ಆಮೇಲೆ ಆಕೆ ಒಬ್ಬರೇ ಹಾಡಿದ್ದನ್ನು ಹಚ್ಚಿದೆ. ಇದರಲ್ಲಿ ನಿಮ್ಮ ಬಳೆ ಐತೆ, ಆ ಸದ್ದು ಇಲ್ಲ ಅಂದೆ. ಮೊರ ಕೆಳಗಿಟ್ಟು ಕೇಳಿದರು. ತನ್ನ ಕೆಮ್ಮು ಬಂದಾಗ ಹುಬ್ಬು ಗಂಟಿಕ್ಕಿದರು. ಬಳೆಯ ಸದ್ದು ಬಂದಾಗ ಕೈ ನೋಡಿಕೊಂಡರು.

"ಅಂಗಾದ್ರೆ ಇದ್ನ ಅವ್ನಿಗೂ ಕೇಳ್ಸು," ಅಂದರು.

ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ. ಆಗ ಒಳಗೆ ತಿರುಗಿ ತಂಗಿಯನ್ನು ಕರೆದರು.

ಮೈಕನ್ನು ದೊಡ್ಡವ್ವನ ಮುಖಕ್ಕೆ ನೇರವಾಗಿ, ಗಲ್ಲದಿಂದ ಒಂದು ಗೇಣು ದೂರದಲ್ಲಿ ಇಟ್ಟೆ. ಮುಂದಿನಿಂದ ಬರುವ ದನಿಯನ್ನು ಹೆಚ್ಚು, ಹಿಂದಿನಿಂದ ಬರುವುದನ್ನು ಕಡಿಮೆ ಹಿಡಿಯುವ ಮೈಕ್ ಅದು. ತಂಗಿ ಎದುರಿಗೆ ಕೂತರೆ ಮೈಕಿನ ಹಿಂದಕ್ಕೆ ಬರುತ್ತಿದ್ದರು, ಆದ್ದರಿಂದ ಅವರ ಜೋರು ದನಿ ತಾನಾಗಿಯೇ ತಗ್ಗುತ್ತಿತ್ತು. ಮೊದಲು ತೀರ ತಗ್ಗಿತು. ಚಾಪೆಯನ್ನು ಸ್ವಲ್ಪ ಓರೆಗೆ ಎಳೆಸಿ ಮತ್ತೆ ಕೇಳಿದೆ. ಮತ್ತೆ ಒಂದಿಷ್ಟು ಎಳೆಸಿದೆ. ತಂಗಿ, ಚಾಪೆಯ ಜೊತೆ ನನ್ನನ್ನೂ ಎಳೀತಾಳೆ ಎಂದು ನಕ್ಕರು. ಇಬ್ಬರ ದನಿಯೂ ಸಮಕ್ಕೆ ಬಂದಾಗ ದೊಡ್ಡವ್ವನ ಗಂಡ ಮೇಕೆಗಳನ್ನು ದೂರ ಹೊಡೆದುಕೊಂಡು ಹೋದರು. ನಾನು ರೆಕಾರ್ಡ್ ಒತ್ತಿದೆ.

ದೊಡ್ಡವ್ವ ಎತ್ತಿದರು, ಎಳೆದರು. ತಂಗಿ ಹಿಡಿದರು. ಹಿಡಿದದ್ದು ಕೇಳಿ ದೊಡ್ಡವ್ವ ಬಿಟ್ಟರು. ಹಾಡು ಮುಗಿಯುವವರೆಗೆ ಎಲ್ಲೂ ಕಡಿಯಲಿಲ್ಲ. ಹೆಡ್‌ಫೋನ್ ಹಾಕಿ ಮೊದಲಿನಿಂದ ಕೇಳಿದೆ, ಟಿಕ್ ಇಲ್ಲ. ಜಗಲಿಯ ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಅಳು ಸಂತೋಷದ್ದೋ ಸಿಟ್ಟಿನದ್ದೋ ಹೇಳಲಾರೆ, ಎರಡೂ ಇತ್ತು.

ಮಾತು ಕೊಟ್ಟಿದ್ದೆನಲ್ಲ, ಖಾಲಿ ಕೋಣೆಯ ರೆಕಾರ್ಡಿಂಗನ್ನು ಟೆಕ್ನಿಷಿಯನ್‌ಗೆ ಕಳಿಸಿ, ಇದರಲ್ಲಿ ಯಾರ ಬಳೆಯಿದೆ ಹೇಳಿ ಎಂದು ಕೇಳಿದೆ. ಕಾರಣವನ್ನೂ ಹೇಳಿದೆ. ಓ, ಕ್ಲಾಕ್ ಪ್ರಾಬ್ಲಮ್ಮಾ, ಅದು ಎಲ್ಲರಿಗೂ ಗೊತ್ತಿರುವುದೇ ಮೇಡಂ ಎಂದ. ಗೊತ್ತಿರುವುದೇ ಅಂತೆ! ಗೊತ್ತಿದ್ದವನು ಬಳೆ ತೆಗೆಸಲು ಹೊರಟಿದ್ದನಲ್ಲ, ಅದರ ಬಗ್ಗೆ ಒಂದು ಮಾತು ಬರಲಿಲ್ಲ. ಅವನಿಂದ ಕ್ಷಮೆ ಬರುತ್ತದೆಂದು ಕಾದಿದ್ದ ನಾನೇ ಮಂಕು. ಆಮೇಲೆ ಅವನಿಗೆ ಫೋನ್ ಮಾಡಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು, ಗಂಟು ಕೆಟ್ಟದ್ದಲ್ಲ ಎಂದರು. ದನಿ ಮಾತ್ರ ಬರಲಿಲ್ಲ. ಬರಬಹುದು, ಕಾಯಬೇಕು ಎಂದಿದ್ದಾರೆ. ಮೊಮ್ಮಗಳ ಮದುವೆಯ ದಿನ ದೊಡ್ಡವ್ವನ ಬಾಯಿಂದ ಗಾಳಿಯಷ್ಟೇ ಹೊರಡುತ್ತಿತ್ತು. ಕತ್ತಿಗೆ ಸೆರಗು ಸುತ್ತಿಕೊಂಡು, ಕೈತುಂಬ ಹಸಿರು ಬಳೆ ಹಾಕಿಕೊಂಡು, ಹಸೆಮಣೆಯ ಪಕ್ಕದಲ್ಲಿ ತಂಗಿಯ ಎದುರಿಗೆ ತನ್ನ ಜಾಗದಲ್ಲೇ ಕೂತಿದ್ದರು.

ಹಾಡನ್ನು ಹಚ್ಚಲು ಸೌಂಡ್ ಸೆಟ್ಟಿನವನ ಪಕ್ಕದಲ್ಲಿ ನಾನೇ ನಿಂತಿದ್ದೆ. ಪೆಂಡಾಲಿನ ತುಂಬ ದೊಡ್ಡವ್ವನ ದನಿ ಹರಡಿತು. ಮಾತಾಡುತ್ತಿದ್ದವರು ನಿಲ್ಲಿಸಿದರು. ಮದುಮಗಳು ತಲೆ ಎತ್ತಿ ಅಜ್ಜಿಯ ಕಡೆ ನೋಡಿದಳು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಸೌಂಡ್ ಸೆಟ್ಟಿನವನು ಕಿವಿ ನಿಮಿರಿಸಿ, ಅಕ್ಕಾ ಒಳಗೆ ಏನೋ ಸದ್ದು ಬರುತ್ತಿದೆ, ತೆಗೆಯಲಾ ಎಂದು ಮಿಕ್ಸರಿನ ಗುಂಡಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಅದು ಬಳೆ ಸದ್ದು," ಅಂದೆ. "ಕೈ ತಗಿ."

ಅವನು ಕೈ ತೆಗೆದ. ಅಲ್ಲಿ ದೊಡ್ಡವ್ವ ಪ್ರತಿ ಸಾಲಿನ ಕೊನೆಗೆ ಸ್ಪೀಕರಿನ ಜೊತೆ ಬಾಯಿ ತೆರೆದು, ದನಿಯಿಲ್ಲದೆ, ತೆರೆದೇ ಇಟ್ಟುಕೊಂಡಿರುತ್ತಿದ್ದರು. ತಂಗಿ ಹಿಡಿದದ್ದು ಕೇಳಿದ ಮೇಲೆಯೇ ಮುಚ್ಚುತ್ತಿದ್ದರು.